ಕೇಳಿ ಒತ್ತಿದ ಮೊಹರು

ಬೋಂಗ್ಯೋಳ ಹೆಸರಿನ ಮೊಹರು ಎಮ್ಮೆಯ ಕೊಂಬಿನದು, ಕಿರುಬೆರಳಿನ ಗಾತ್ರದ್ದು. ಅವರ ನಾಡಿನಲ್ಲಿ ಸಹಿಯ ಬದಲು ಇದನ್ನೇ ಒತ್ತುವುದು. ಅದನ್ನು ಮಾಡಿಸಿದಾಗ ಅವಳಿಗೆ ಹದಿನೆಂಟು ವರ್ಷ, ಈಗ ಎಪ್ಪತ್ತೊಂಬತ್ತು. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವಳು ಅದನ್ನು ತನ್ನ ಕೈಯಾರೆ ಕಾಗದದ ಮೇಲೆ ಒತ್ತಿದವಳಲ್ಲ. ಮಾವ ಇರುವ ತನಕ ಮಾವ ಒತ್ತಿದ. ಅವನು ಹೋದ ಮೇಲೆ ಗಂಡ ಹೋಕ್ಲಾಯ್ ಒತ್ತಿದ. ಮನೆಗೆ ರಿಜಿಸ್ಟರ್ ಅಂಚೆ ಬಂದರೆ ಹೋಕ್ಲಾಯ್ ಕಪಾಟಿನಿಂದ ಬಿಸ್ಕತ್ತಿನ ತಗಡಿನ ಡಬ್ಬಿ ಇಳಿಸಿ, ತನ್ನದೋ ಅವಳದೋ ಮೊಹರು ಆರಿಸಿ, ಕೆಂಪು ಮಸಿಗೆ ಅದ್ದಿ ಒತ್ತಿ, ಮತ್ತೆ ಡಬ್ಬಿ ಮುಚ್ಚಿಡುತ್ತಾನೆ. ಚುನಾವಣೆಯ ದಿನ ಮಾತ್ರ ಅದು ಅವಳ ಜೇಬಿಗೆ ಬರುವುದು. ಅಲ್ಲಿಯೂ ಮೇಜಿನ ಹಿಂದೆ ಕೂತವರು "ಕೊಡಿ ಅಜ್ಜಿ" ಎಂದು ಇಸಿದುಕೊಂಡು ತಾವೇ ಒತ್ತಿ ವಾಪಸು ಕೊಡುತ್ತಾರೆ. ಇದರಿಂದ ಅವಳಿಗೆ ಬೇಸರವೇನೂ ಇರಲಿಲ್ಲ. ಸಿಂಪಿ ಬಿಡಿಸುವ ಹೆಂಗಸಿಗೆ ಮೊಹರಿನಿಂದ ಏನಾಗಬೇಕು ಎಂದುಕೊಂಡಿದ್ದಳು.

ತೈವಾನಿನ ಪಡುವಣ ಕರಾವಳಿಯ ತುಂಗ್‌ಶಿ ಎಂಬ ಊರಿನಲ್ಲಿ ಗಂಡಸರು ನೀರು ಇಳಿದ ಹೊತ್ತು ನೋಡಿ ಸಮುದ್ರದಿಂದ ಸಿಂಪಿಯ ಗೊಂಚಲು ಕಡಿದು ತರುತ್ತಾರೆ. ಹೆಂಗಸರು ತಗಡಿನ ಚಪ್ಪರದ ಕೆಳಗೆ ಮೋಟು ಮಣೆ ಹಾಕಿಕೊಂಡು ಚಿಪ್ಪು ಬಿಡಿಸಿ ಒಳಗಿನ ಮಾಂಸ ತೆಗೆಯುತ್ತಾರೆ. ಚಿಪ್ಪಿನ ಸಂದಿಗೆ ಚೂರಿಯ ಮೊನೆ ತೂರಿಸಿ ಒಂದು ತಿರುವು ಕೊಟ್ಟರೆ ಅದು ಬಾಯಿ ಬಿಡುತ್ತದೆ. ಎಲ್ಲಿ ತೂರಿಸಬೇಕು ಎಂಬುದೇ ವಿದ್ಯೆ. ಬೋಂಗ್ಯೋ ಕಣ್ಣು ಮುಚ್ಚಿಕೊಂಡು ಅದನ್ನು ಮಾಡಬಲ್ಲಳು. ಬಾಯಿ ಮುಚ್ಚಿಕೊಂಡೂ ಮಾಡಬಲ್ಲಳು. ಪಕ್ಕದ ಮಣೆಯ ಕಿಮ್ಹೋಗೆ ಮಾತ್ರ ಅದು ಆಗದ ಕೆಲಸ.

ಎರಡು ಸಾವಿರದ ಹತ್ತೊಂಬತ್ತರ ಮೇ ತಿಂಗಳಲ್ಲಿ ಚಪ್ಪರದ ಕೆಳಗೆ ಒಂದೇ ಸುದ್ದಿ. ರಾಜಧಾನಿಯಲ್ಲಿ ಹೊಸ ಕಾನೂನು ಆಗಿತ್ತು. ಬರುವ ಇಪ್ಪತ್ತನಾಲ್ಕನೆಯ ತಾರೀಕಿನಿಂದ ಹೆಣ್ಣು ಹೆಣ್ಣನ್ನೂ ಗಂಡು ಗಂಡನ್ನೂ ಮದುವೆಯಾಗಬಹುದಾಗಿತ್ತು.

"ಎರಡೂ ಹೆಣ್ಣೇ ಆದ್ರೆ ಸಮುದ್ರಕ್ಕೆ ಹೋಗೋರು ಯಾರು, ಸಿಂಪಿ ಬಿಡ್ಸೋರು ಯಾರು?" ಎಂದಳು ಕಿಮ್ಹೋ.

"ನಿನ್ ಗಂಡ ಯಾವತ್ತು ಸಮುದ್ರಕ್ಕೆ ಹೋಗಿದ್ದ? ಜೂಜಿನ ಮೇಜು ಬಿಟ್ಟು ಎದ್ದಿದ್ದನ್ನೇ ನಾನು ನೋಡ್ಲಿಲ್ಲ," ಎಂದಳು ಬೋಂಗ್ಯೋ.

ಉಳಿದವರು ಚೂರಿ ಕೆಳಗಿಟ್ಟು ನಕ್ಕರು. ಕಿಮ್ಹೋ ಸೋಲುವವಳಲ್ಲ. "ಹಂಗಲ್ಲ ಕಣೇ. ಮದುವೆ ಅಂದ್ರೆ ಒಂದು ಕಳೆ ಬೇಡ್ವಾ? ಕೆಂಪು ಬಟ್ಟೆ ಉಟ್ಕೊಂಡು, ಊರೋರ ಮುಂದೆ ಹೆಣ್ಣು ಕರ್ಕೊಂಡು ಬಂದು, ಹತ್ತು ಜನಕ್ಕೆ ಊಟ ಹಾಕಿ... ಸುಮ್ನೆ ಕಾಗದಕ್ಕೆ ಮೊಹರು ಒತ್ತಿದ್ರೆ ಅದೂ ಒಂದು ಮದುವೇನಾ?"

ಅಂದುಬಿಟ್ಟ ಮೇಲೆ ಅವಳಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಬೋಂಗ್ಯೋ ಮುಂದಿನ ಚಿಪ್ಪು ಎತ್ತಿಕೊಂಡಳು. ಅವಳ ಮದುವೆ ಹೇಗಾಯಿತೆಂದು ಊರಿಗೆಲ್ಲ ಗೊತ್ತು.

ಬೋಂಗ್ಯೋ ಈ ಮನೆಗೆ ಬಂದಾಗ ಹನ್ನೊಂದು ತಿಂಗಳ ಕೂಸು. ಹೆತ್ತವರಿಗೆ ಅವಳು ಐದನೆಯ ಹೆಣ್ಣು. ಹೆಸರಿಡುವುದಕ್ಕೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ; ಬೋಂಗ್ಯೋ ಎಂದರೆ 'ಹುಟ್ಟಿದ್ದಾಯಿತಲ್ಲ, ಸಾಕಿದರಾಯಿತು' ಎಂದು. ಆ ಕಾಲದಲ್ಲಿ ಆ ಹೆಸರಿನ ಹುಡುಗಿಯರು ಓಣಿಗೆ ಇಬ್ಬರು ಸಿಗುತ್ತಿದ್ದರು. ಕೊನೆಗೆ ಸಾಕುವುದೂ ಅವರ ಕೈಯಲ್ಲಾಗಲಿಲ್ಲ. ಈ ಛ್ವಾ ಮನೆತನದಲ್ಲಿ ಎಳೆಯ ಹೆಣ್ಣುಮಗುವೊಂದು ಆಗಷ್ಟೇ ತೀರಿಕೊಂಡಿತ್ತು. ತಾಯಿಯ ಎದೆಯಲ್ಲಿ ಹಾಲಿತ್ತು, ಮನೆಯಲ್ಲಿ ಮೂರು ವರ್ಷದ ಗಂಡುಮಗುವಿತ್ತು. ಇಂಥ ಮನೆಗೆ ಕೂಸನ್ನು ಕೊಟ್ಟುಬಿಡುವುದು ಆಗಿನ ರೂಢಿ. ಅದು ಆ ಮನೆಯ ಹಾಲು ಕುಡಿದು, ಗಂಜಿ ಉಂಡು, ಮಗಳ ಹಾಗೆ ಬೆಳೆಯುತ್ತದೆ; ದೊಡ್ಡದಾದ ಮೇಲೆ ಆ ಮನೆಯ ಮಗನಿಗೇ ಹೆಂಡತಿಯಾಗುತ್ತದೆ. ಸಾಕುಸೊಸೆ ಎನ್ನುತ್ತಿದ್ದರು. ಗಂಡಿನವರಿಗೆ ಮದುವೆಯ ಖರ್ಚಿಲ್ಲ, ಹೆಣ್ಣಿನವರಿಗೆ ಉಣ್ಣುವ ಬಾಯಿ ಒಂದು ಕಡಿಮೆ. ಎಲ್ಲರಿಗೂ ಅನುಕೂಲವಾದ ಏರ್ಪಾಡು. ಆ ಇಬ್ಬರು ಮಕ್ಕಳನ್ನು ಮಾತ್ರ ಯಾರೂ ಕೇಳಲಿಲ್ಲ. ಒಂದಕ್ಕೆ ಇನ್ನೂ ಮಾತು ಬಂದಿರಲಿಲ್ಲ, ಇನ್ನೊಂದು ಚಡ್ಡಿಯಿಲ್ಲದೆ ಅಂಗಳದಲ್ಲಿ ಓಡಾಡುತ್ತಿತ್ತು.

ಸಾಕಿದ ತಾಯಿ ಕೆಟ್ಟವಳಲ್ಲ. ಹೊಡೆತ ಬಡಿತ ತಿಂದ ಸಾಕುಸೊಸೆಯರ ಕಥೆಗಳು ಊರಲ್ಲಿ ಬೇಕಾದಷ್ಟಿದ್ದವು. ಬೋಂಗ್ಯೋಳದ್ದು ಅಂಥ ಕಥೆಯಲ್ಲ. ಅವಳಿಗೆ ಅಮ್ಮನಿದ್ದಳು, ಅಪ್ಪನಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣನಿದ್ದ. ಹೋಕ್ಲಾಯ್ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕೆಸರು ದಂಡೆಗೆ ಹೋಗುತ್ತಿದ್ದ. ಚೂರಿ ಎಲ್ಲಿ ತೂರಿಸಬೇಕೆಂದು ತೋರಿಸಿಕೊಟ್ಟವನೂ ಅವನೇ. ಅವಳಿಗೆ ಒಂಬತ್ತಾಗಿದ್ದಾಗ ಚಿಪ್ಪು ತುಳಿದು ಅಂಗಾಲು ಸೀಳಿಕೊಂಡಿತು. ಹೋಕ್ಲಾಯ್ ತನ್ನ ಅಂಗಿ ಹರಿದು ಕಟ್ಟಿ, ಅವಳನ್ನು ಹೊತ್ತು ಮನೆಯ ತನಕ ನಡೆದ, ದಾರಿಯುದ್ದಕ್ಕೂ ಬೈದ. "ಕಣ್ಣೇನು ಬೆನ್ನಿಗೆ ಇಟ್ಕೊಂಡಿದ್ದೀಯಾ? ಇನ್ನೊಂದ್ಸಲ ಬಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ ನೋಡು!" ಬೈಯುತ್ತ ಬೈಯುತ್ತ ಅವನೇ ಅಳುತ್ತಿದ್ದದ್ದು ಅವಳಿಗೆ ಅವನ ಬೆನ್ನಿನಿಂದಲೇ ತಿಳಿಯುತ್ತಿತ್ತು.

ಓಣಿಯವರು ಗಂಡ ಹೆಂಡತಿ ಎಂದು ಕೀಟಲೆ ಮಾಡಿದರೆ ಹೋಕ್ಲಾಯ್ ಕೆಸರು ಎತ್ತಿ ಎಸೆಯುತ್ತಿದ್ದ. "ಇವಳು ನನ್ನ ತಂಗಿ. ಇವಳ ಮದುವೇಲಿ ನಾನೇ ಮುಂದೆ ನಡ್ಕೊಂಡು ಹೋಗಿ ಗಂಡನ ಮನೆಗೆ ಬಿಟ್ಟು ಬರ್ತೀನಿ," ಎನ್ನುತ್ತಿದ್ದ. ಬೋಂಗ್ಯೋ ಅದನ್ನು ಪೂರ್ತಿ ನಂಬಿದ್ದಳು. ಅವಳಿಗೆ ಹದಿನಾರು ಹದಿನೇಳಾಗುವ ಹೊತ್ತಿಗೆ ಕಾಲವೂ ಬದಲಾಗುತ್ತಿತ್ತು. ಪಕ್ಕದೂರಿನ ಇಬ್ಬರು ಸಾಕುಸೊಸೆಯರನ್ನು ಮಗಳೆಂದೇ ಬೇರೆ ಮನೆಗೆ ಕೊಟ್ಟು ಮದುವೆ ಮಾಡಿದ್ದರು. ತನ್ನನ್ನೂ ಹಾಗೇ ಮಾಡುತ್ತಾರೆ, ಯಾರಾದರೂ ಬಂದು ಕೇಳುತ್ತಾರೆ, ಅಮ್ಮ ಒಳಗೆ ಬಂದು 'ನಿನಗೆ ಮನಸ್ಸಿದೆಯಾ' ಎನ್ನುತ್ತಾಳೆ, ತಾನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕಾಯಿಸಿ ಹೂಂ ಎನ್ನಬೇಕು ಎಂದೆಲ್ಲ ಅವಳು ಲೆಕ್ಕ ಹಾಕಿಟ್ಟುಕೊಂಡಿದ್ದಳು. ಬರುವವನ ಮುಖ ಅವಳ ಕನಸಿನಲ್ಲಿ ಇರಲಿಲ್ಲ. ಕೇಳುವ ದನಿಯಷ್ಟೇ ಇತ್ತು.

ಅವಳಿಗೆ ಹದಿನೆಂಟಾದ ವರ್ಷದ ಕೊನೆಯ ದಿನ ಹೊಸ ವರ್ಷದ ಹಬ್ಬದ ಅಡುಗೆ ನಡೆದಿತ್ತು. "ಅಣ್ಣಾ, ಆ ಹುಂಜ ಹಿಡ್ಕೊಡು, ನನ್ನ ಕೈಗೆ ಸಿಗ್ತಿಲ್ಲ," ಎಂದು ಬೋಂಗ್ಯೋ ಬೆಳಿಗ್ಗೆ ಅಂಗಳದಿಂದ ಕೂಗಿದಳು. ಅವಳು ಅವನನ್ನು ಅಣ್ಣ ಎಂದು ಕರೆದದ್ದು ಅದೇ ಕೊನೆ. ಮನೆಮಂದಿಯೆಲ್ಲ ಕೂತು ಊಟ ಮಾಡಿದ ಮೇಲೆ ಅಪ್ಪ ಬಾಯಿ ಒರೆಸಿಕೊಂಡು, "ಇವತ್ತಿಂದ ನೀವಿಬ್ರೂ ಒಂದೇ ಕೋಣೆ," ಎಂದ. ಅಷ್ಟೇ. ಅಮ್ಮ ಹೊಸ ಹೊದಿಕೆಯೊಂದನ್ನು ಒಳಗಿಟ್ಟು ಬಂದಳು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಹೋಕ್ಲಾಯ್ ಎದ್ದು ನಿಂತ. ಅಪ್ಪನ ಕೈ ಗೋಡೆಗೆ ಒರಗಿಸಿದ್ದ ಹೊರೆಗೋಲಿನ ಮೇಲೆ ಹೋಯಿತು. ಇಪ್ಪತ್ತರ ಹುಡುಗ ತಲೆ ತಗ್ಗಿಸಿ ಕೋಣೆಯೊಳಗೆ ಹೋದ. ಹಿಂದೆಯೇ ಅವಳು ಹೋದಳು. ಅವನು ಗೋಡೆಗೆ ಮುಖ ಮಾಡಿದ, ಅವಳು ಬಾಗಿಲಿಗೆ.

ಹಬ್ಬದ ರಜೆ ಮುಗಿದ ಮೇಲೆ ಅಪ್ಪ ಎರಡು ಮೊಹರು ಮಾಡಿಸಿ ಕಚೇರಿಗೆ ಹೋಗಿ ಒತ್ತಿ ಬಂದ. ದಾಖಲೆಯಲ್ಲಿ ಸಾಕಿದ ಮಗಳು ಎಂದಿದ್ದದ್ದು ಹೆಂಡತಿ ಎಂದಾಯಿತು. ಬೋಂಗ್ಯೋ ಆ ಹೊತ್ತಿನಲ್ಲಿ ಸಿಂಪಿ ಬಿಡಿಸುತ್ತಿದ್ದಳು. ಮೂರು ವರ್ಷದ ಮೇಲೆ ಒಬ್ಬ ಮಗ ಹುಟ್ಟಿದ. ಆ ಮೂರು ವರ್ಷದ ಬಗ್ಗೆ ಅವಳು ಯಾರಿಗೂ ಹೇಳಿದವಳಲ್ಲ. ನಾವೂ ಕೇಳುವುದು ಬೇಡ.

ಹೋಕ್ಲಾಯ್ ಒಳ್ಳೆಯ ಗಂಡನೇ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ದುಡಿದು ತಂದು ಹಾಕಿದ. ಆದರೆ ಆ ದಿನದಿಂದ ಅವನು ಅವಳನ್ನು ಬೈಯುವುದನ್ನು ನಿಲ್ಲಿಸಿಬಿಟ್ಟ. ನಗಿಸುವುದನ್ನೂ ನಿಲ್ಲಿಸಿದ. ಕೆಲಸಕ್ಕೆ ಕೂತರೆ ಅವಳಿಗೆ ಬೆನ್ನು ಮಾಡಿಯೇ ಕೂರುತ್ತಿದ್ದ. ಅವನನ್ನು ಏನೆಂದು ಕರೆಯಬೇಕೆಂದು ಬೋಂಗ್ಯೋಗೂ ತಿಳಿಯಲಿಲ್ಲ. ಅಣ್ಣ ಎನ್ನುವಂತಿಲ್ಲ, ಬೇರೆ ಮಾತು ನಾಲಗೆಗೆ ಬರುವುದಿಲ್ಲ. "ಇಲ್ನೋಡು" ಎಂದೇ ಅರವತ್ತೊಂದು ವರ್ಷ ದೂಡಿದಳು. ಗಂಡ ಸತ್ತ ಹೆಂಗಸರು ಊರಲ್ಲಿ ಅಳುವಾಗ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರಿಗೆ ಏನು ಹೋಯಿತೆಂದು ಎಲ್ಲರಿಗೂ ಗೊತ್ತು. ತನಗಿದ್ದ ಒಬ್ಬನೇ ಅಣ್ಣ ಒಂದು ಊಟದ ಹೊತ್ತಿಗೆ ಇಲ್ಲವಾದದ್ದಕ್ಕೆ ಅವಳು ಯಾರೆದುರು ಅಳಬೇಕು? ಆ ಅಣ್ಣ ದಿನಾ ಎದುರಿಗೇ ಕೂತು ಗಂಜಿ ಕುಡಿಯುತ್ತಿದ್ದ. ಅವನಿಗಾಗಿ ಅವಳು ಹಂಬಲಿಸಿದಷ್ಟು ಯಾವ ಹೆಣ್ಣೂ ಯಾವ ಪ್ರಿಯಕರನಿಗಾಗಿಯೂ ಹಂಬಲಿಸಿರಲಾರಳು.

ಕಿಮ್ಹೋಳ ನಾಲಗೆ ಜಾರಿದ ಮರುದಿನ, ಭಾನುವಾರ, ಮೊಮ್ಮಗಳು ರೂಲಾನ್ ತೈನಾನಿನಿಂದ ಬಂದಳು. ರೂಲಾನ್ ಅಲ್ಲಿ ಸಿಟಿ ಬಸ್ ಓಡಿಸುತ್ತಾಳೆ. ಜೊತೆಗೆ ಬಂದಿದ್ದ ಯೂಫಾನ್ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ನಾಲ್ಕು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಸ್ನೇಹಿತೆ ಎಂದೇ ರೂಲಾನ್ ಹೇಳುತ್ತ ಬಂದಿದ್ದಳು, ಹೌದೆಂದೇ ಅಜ್ಜಿ ಕೇಳುತ್ತ ಬಂದಿದ್ದಳು. ಇಬ್ಬರಿಗೂ ನಿಜ ಗೊತ್ತಿತ್ತು.

ರೂಲಾನ್ ಊಟದ ಮೇಜಿನ ಮೇಲೆ ಒಂದು ಕಾಗದ ಹರವಿದಳು. "ಅಜ್ಜಿ, ಇಪ್ಪತ್ನಾಲ್ಕಕ್ಕೆ ನಾವು ಮದುವೆ ಆಗ್ತಿದ್ದೀವಿ. ಮೊದಲನೇ ದಿನಾನೇ. ಇಬ್ರು ಸಾಕ್ಷಿ ಬೇಕು. ಅಪ್ಪ ಒತ್ತಲ್ಲ ಅಂದ್ರು, ಫೋನೇ ಇಟ್ಬಿಟ್ರು. ನೀನು, ತಾತ ಒತ್ತಿಕೊಡ್ತೀರಾ?"

ಹೋಕ್ಲಾಯ್ ಕಾಗದವನ್ನು ನೋಡಿದ, ಮೊಮ್ಮಗಳನ್ನು ನೋಡಿದ. ಎದ್ದು ಹಿತ್ತಲಿಗೆ ಹೋಗಿ, ಹೊಸ ಸಿಂಪಿ ಅಂಟಿ ಬೆಳೆಯಲೆಂದು ಸಮುದ್ರಕ್ಕೆ ಇಳಿಬಿಡುವ ಖಾಲಿ ಚಿಪ್ಪುಗಳನ್ನು ಹಗ್ಗಕ್ಕೆ ಪೋಣಿಸತೊಡಗಿದ. ಬೇಡ ಎಂದು ಅವನೇನೂ ಹೇಳಲಿಲ್ಲ. ಅವನು ಏನನ್ನೂ ಹೇಳುವವನಲ್ಲ.

"ಸಾಕ್ಷಿ ಅಂದ್ರೆ ಏನು ಮಾಡ್ಬೇಕು?" ಎಂದಳು ಬೋಂಗ್ಯೋ.

"ಏನೂ ಇಲ್ಲ. ಮೊಹರು ಒತ್ತಿದ್ರೆ ಆಯ್ತು."

"ಅಷ್ಟಕ್ಕೆ ನಾನ್ಯಾಕೆ? ಮೊಹರು ಇದ್ರೆ ಸಾಕಲ್ಲ. ಸರಿಯಾಗಿ ಹೇಳು."

ಯೂಫಾನ್ ಮೆಲ್ಲಗೆ ಬಾಯಿ ಹಾಕಿದಳು. "ಇಬ್ರಿಗೂ ನಿಜವಾಗ್ಲೂ ಮದುವೆ ಆಗೋ ಮನಸ್ಸಿದೆ ಅಂತ ಸಾಕ್ಷಿಗಳು ತಾವೇ ನೋಡಿರ್ಬೇಕು, ಇಲ್ಲಾ ಅವರ ಬಾಯಿಂದ ಕೇಳಿರ್ಬೇಕು. ಹಾಗಂತ ನಿಯಮ ಇದೆ ಅಜ್ಜಿ."

ಬೋಂಗ್ಯೋ ಕಾಗದದತ್ತ ಬಾಗಿದಳು. "ಹಾಗಂತ ಇದೆಯಾ? ಸರ್ಕಾರದ್ದೇ ನಿಯಮಾನಾ?"

"ಎಲ್ರಿಗೂ ಅದೇ ನಿಯಮ. ಯಾರೂ ತಲೆ ಕೆಡಿಸ್ಕೊಳಲ್ಲ ಬಿಡು," ಎಂದಳು ರೂಲಾನ್.

"ನಾನು ಕೆಡಿಸ್ಕೊಳ್ತೀನಿ," ಎಂದಳು ಬೋಂಗ್ಯೋ. "ನಾನಿನ್ನೂ ಕೇಳೇ ಇಲ್ವಲ್ಲ. ಕೇಳ್ದೆ ಹೇಗೆ ಒತ್ತಲಿ?"

ರೂಲಾನ್ ನಕ್ಕಳು. "ಕೇಳು ಮತ್ತೆ. ಬೇಕು. ನಂಗೆ ಬೇಕು, ಇವಳಿಗೂ ಬೇಕು. ಆಯ್ತಾ?"

"ಅವಳ ಬಾಯಿ ನಿನ್ನ ಹತ್ರ ಇಲ್ಲ. ಯೂಫಾನ್, ಬಾಮ್ಮ, ನಂಜೊತೆ ಚಪ್ಪರಕ್ಕೆ. ನೀನಿಲ್ಲೇ ಇರು ರೂಲಾನ್."

ಭಾನುವಾರ ಮಧ್ಯಾಹ್ನ ಚಪ್ಪರದ ಕೆಳಗೆ ಬೇರೆ ಯಾರೂ ಇರಲಿಲ್ಲ. ತಗಡಿನ ಗೋಡೆಯ ಆಚೆ ಹೋಕ್ಲಾಯ್ ಚಿಪ್ಪು ಪೋಣಿಸುವ ಸದ್ದು ಟಕ್ ಟಕ್ ಎಂದು ಕೇಳುತ್ತಿತ್ತು. ಬೋಂಗ್ಯೋ ಹುಡುಗಿಯ ಕೈಗೊಂದು ಚೂರಿ ಕೊಟ್ಟಳು. ಕೈಗೆ ಕೆಲಸವಿದ್ದರೆ ಬಾಯಿ ಸಡಿಲವಾಗುತ್ತದೆಂದು ಇಷ್ಟು ವರ್ಷ ಹೆಂಗಸರ ನಡುವೆ ಕೂತವಳಿಗೆ ಗೊತ್ತಿತ್ತು. ಎರಡು ಮೂರು ಚಿಪ್ಪು ಆಗಲಿ ಎಂದು ಬಿಟ್ಟಳು.

"ಈಗ ಹೇಳು. ನಿಂಗೆ ಈ ಮದುವೆ ಬೇಕಾ?"

"ಬೇಕು ಅಜ್ಜಿ."

"ನನ್ನ ಮುಖ ನೋಡಿ ಹೇಳ್ಬೇಡ. ಚಿಪ್ಪು ನೋಡ್ಕೊಂಡು ಹೇಳು. ನೀನು ಬೇಡ ಅಂದ್ರೆ ಈ ಮನೇಲಿ ಯಾರೂ ಕೋಲು ಎತ್ಕೊಳಲ್ಲ. ಊಟಾನೂ ತಪ್ಪಲ್ಲ."

ಯೂಫಾನಳ ಚೂರಿ ನಿಂತಿತು. ಅವಳು ಕೈಯಲ್ಲಿದ್ದ ಚಿಪ್ಪನ್ನೇ ತಿರುಗಿಸಿ ನೋಡಿದಳು.

"ರೂಲಾನ್ ಬೇಕು," ಎಂದಳು ಕೊನೆಗೆ. "ಆದ್ರೆ ಇಪ್ಪತ್ನಾಲ್ಕಕ್ಕೆ ಬೇಡ ಅಜ್ಜಿ. ನಮ್ಮಮ್ಮಂಗೆ ನಾನಿನ್ನೂ ಹೇಳೇ ಇಲ್ಲ. ಅಮ್ಮ ಇದನ್ನ ಟೀವೀಲಿ ನೋಡಿ ತಿಳ್ಕೋಬಾರ್ದು. ಕಾನೂನು ಪಾಸಾದ ದಿನ ರೂಲಾನ್ ಕುಣಿದಾಡ್ಬಿಟ್ಲು, ಅಲ್ಲೇ ತಾರೀಕೂ ಹೇಳ್ಬಿಟ್ಲು. ನೀನೇನಂತೀಯ ಅಂತ ಕೇಳ್ಲಿಲ್ಲ. ಅಷ್ಟು ಖುಷೀಲಿರೋಳಿಗೆ ನಾನ್ಹೇಗೆ ಬೇಡ ಅನ್ಲಿ?"

ಹೇಳುತ್ತಲೇ ಅವಳು ಅತ್ತುಬಿಟ್ಟಳು. ಬೋಂಗ್ಯೋ ತನ್ನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅವಳ ಮುಖ ಒರೆಸಿದಳು; ಬಟ್ಟೆ ಸಮುದ್ರದ ವಾಸನೆ ಹೊಡೆಯುತ್ತಿತ್ತು, ಅದಕ್ಕೆ ಏನು ಮಾಡುವುದು. "ಹೀಗೆ ಅನ್ನೋದು," ಎಂದಳು. "ಈಗ ಅಂದೆಯಲ್ಲ, ಹೀಗೇ." ಗೋಡೆಯ ಆಚೆ ಟಕ್ ಟಕ್ ಸದ್ದು ಆಗಲೇ ನಿಂತುಹೋಗಿದ್ದನ್ನು ಅವಳು ಗಮನಿಸಲಿಲ್ಲ.

ಅಜ್ಜಿ ಮೊಹರು ಒತ್ತುವುದಿಲ್ಲ ಎಂದಾಗ ರೂಲಾನ್ ಮನೆ ಹಾರಿಹೋಗುವಂತೆ ಕೂಗಾಡಿದಳು. "ನೀನೂ ಅಪ್ಪನ ಥರಾನೇ! ಒತ್ತಕ್ಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಬೇಕಿತ್ತು, ಈ ನಾಟಕ ಯಾಕೆ? ಎಷ್ಟು ವರ್ಷ ಕಾದಿದ್ದೀವಿ ಗೊತ್ತಾ ನಿಂಗೆ?"

"ನನಗ್ಯಾಕೆ ಕಾಯೋದರ ಲೆಕ್ಕ ಹೇಳ್ತೀಯ?" ಎಂದಳು ಬೋಂಗ್ಯೋ. ಅವಳ ದನಿ ಎಂದೂ ಅಷ್ಟು ಏರಿದ್ದಿಲ್ಲ. "ಬಸ್ ಓಡ್ಸೋಳು ನೀನು, ನಿಲ್ಸೋದೂ ಗೊತ್ತಿರ್ಬೇಕು. ಹತ್ತಿದವಳನ್ನ ಎಲ್ಲಿ ಇಳೀತೀಯಮ್ಮ ಅಂತ ಒಂದ್ ಮಾತು ಕೇಳಿದ್ಯಾ?"

ರೂಲಾನ್ ಯೂಫಾನಳ ಕಡೆ ತಿರುಗಿದಳು. ಅವಳ ಅತ್ತ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡಳು. ಕಾಗದ ಮಡಿಸಿ ಚೀಲಕ್ಕೆ ಹಾಕಿದಳು. ಇಬ್ಬರೂ ಸ್ಕೂಟರ್ ಹತ್ತಿ ಹೊರಟುಹೋದರು.

ಇಪ್ಪತ್ತನಾಲ್ಕನೆಯ ತಾರೀಕು ಟೀವಿಯಲ್ಲಿ ಎಷ್ಟೊಂದು ಜೋಡಿಗಳು ಹೂಗುಚ್ಛ ಹಿಡಿದು ನಗುತ್ತಿದ್ದರು. ಬೋಂಗ್ಯೋ ಒಂದೊಂದೇ ಮುಖ ಹುಡುಕಿ ನೋಡಿದಳು. ಆ ಇಬ್ಬರು ಇರಲಿಲ್ಲ. ನಾನು ಮಾಡಿದ್ದು ತಪ್ಪಾಯಿತೇನೋ ಎಂಬ ಹೆದರಿಕೆ ಅವಳನ್ನು ಹಿಡಿದುಕೊಂಡಿತು. ನನ್ನನ್ನು ಯಾರೂ ಕೇಳಲಿಲ್ಲವೆಂಬ ಸಂಕಟವನ್ನು ಹೋಗಿ ಹೋಗಿ ಆ ಮಕ್ಕಳ ತಲೆಗೆ ಕಟ್ಟಿದೆನೇ? ರೂಲಾನ್ ಜೂನ್‌ನಲ್ಲಿ ಫೋನ್ ಮಾಡಲಿಲ್ಲ. ಜುಲೈನಲ್ಲಿಯೂ ಮಾಡಲಿಲ್ಲ. ಕಿಮ್ಹೋ ಕೂಡ ಬಾಯಿ ಬಿಗಿಹಿಡಿದುಕೊಂಡಳು ಎಂದ ಮೇಲೆ ಬೋಂಗ್ಯೋಳ ಮುಖ ಹೇಗಿದ್ದಿರಬೇಕು ಎಂದು ತಿಳಿಯಬಹುದು. ಆಗಸ್ಟಿನಲ್ಲಿ ಒಂದು ದಿನ, "ನಾನು ಸುಮ್ನೆ ಒತ್ತಿಬಿಡ್ಬೇಕಿತ್ತಾ? ಇಲ್ನೋಡು, ನಿನ್ನನ್ನೇ ಕೇಳ್ತಿರೋದು," ಎಂದು ಅವಳು ಹೋಕ್ಲಾಯನ ಬೆನ್ನಿಗೆ ಹೇಳಿದಳು.

ಬೆನ್ನು ತಿರುಗಲಿಲ್ಲ. "ಒತ್ತಬಾರ್ದಿತ್ತು. ನೀನು ಸರಿಯಾಗೇ ಮಾಡ್ದೆ," ಎಂಬ ಮಾತು ಬಂತು. ಹೋಕ್ಲಾಯ್ ಒಂದೇ ಉಸಿರಿಗೆ ಅಷ್ಟು ಮಾತಾಡಿ ಎಷ್ಟು ವರ್ಷವಾಗಿತ್ತೋ.

ಸೆಪ್ಟೆಂಬರಿನ ಹುಣ್ಣಿಮೆ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸ್ಕೂಟರ್ ಸದ್ದಾಯಿತು. ಯೂಫಾನ್ ಮುಂದೆ ಕೂತು ಓಡಿಸುತ್ತಿದ್ದಳು; ಹಿಂದೆ ರೂಲಾನ್ ತೊಡೆಯ ಮೇಲೆ ಚಕ್ಕೋತದ ಚೀಲ ಇಟ್ಟುಕೊಂಡಿದ್ದಳು. ರೂಲಾನ್ ಅಜ್ಜಿಯ ಎದುರು ಬಂದು ನಿಂತಳು. ಚಕ್ಕೋತ ಕೈಗೆ ಕೊಟ್ಟು ಮೂಗೊರೆಸಿಕೊಂಡಳು. ಮಾತಾಡಿದವಳು ಯೂಫಾನ್.

"ಅಮ್ಮಂಗೆ ಹೇಳ್ದೆ ಅಜ್ಜಿ. ಒಂದು ತಿಂಗಳು ಮಾತು ಬಿಟ್ಲು. ಆಮೇಲೆ ಒಂದಿನ ಬಂದು, ಆ ಹುಡುಗಿ ಬೆಳಿಗ್ಗೆ ಏನು ತಿಂತಾಳೆ ಅಂದ್ಲು." ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. "ಈ ಸಲ ತಾರೀಕು ನಾನು ಹಾಕಿದ್ದು. ಇವತ್ತಿಂದೇ. ರೂಲಾನ್‌ನ ನಾನು ಕೇಳ್ದೆ. ಎರಡು ದಿನ ಸತಾಯಿಸಿ ಒಪ್ಕೊಂಡ್ಲು."

"ಒಂದೂವರೆ ದಿನ," ಎಂದಳು ರೂಲಾನ್.

ಹೋಕ್ಲಾಯ್ ಯಾರೂ ಹೇಳದೆ ಬಿಸ್ಕತ್ತಿನ ಡಬ್ಬಿ ಇಳಿಸಿ ತಂದ. ಕೊಂಬಿನ ಮೊಹರನ್ನು ಎತ್ತಿ ಮಸಿಗೆ ಅದ್ದುವುದಕ್ಕೆ ಹೋದವನು ತಡೆದು, ಅದನ್ನು ಬೋಂಗ್ಯೋಳ ಅಂಗೈಗೆ ಇಟ್ಟ. ಬೋಂಗ್ಯೋ ಇಬ್ಬರನ್ನೂ ಮತ್ತೆ ಒಬ್ಬೊಬ್ಬರನ್ನಾಗಿ ಕೇಳಿದಳು. ಇಬ್ಬರೂ ಹೂಂ ಎಂದರು. ಹೇಗೆ ಹಿಡಿಯಬೇಕೆಂದು ತಿಳಿಯದೆ ಮೊಹರನ್ನು ಚೂರಿಯ ಹಾಗೆ ಹಿಡಿದು, ಉಸಿರು ಕಟ್ಟಿ ಒತ್ತಿದಳು. ಸ್ವಲ್ಪ ಓರೆಯಾಯಿತು, ಆದರೆ ಅಕ್ಷರ ಚೆನ್ನಾಗಿ ಮೂಡಿತು. ಹೋಕ್ಲಾಯ್ ತನ್ನದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ.

"ತಾತಂಗೆ ಇಷ್ಟ ಇಲ್ಲಾಂದ್ರೆ ಬೇಡ," ಎಂದಳು ಯೂಫಾನ್.

"ಅದಲ್ಲ. ನಾನೂ ಕೇಳ್ಬೇಕಲ್ಲ," ಎಂದ ಹೋಕ್ಲಾಯ್. ಹುಡುಗಿಯರ ಮುಖ ನೋಡದೆ ಕಾಗದ ನೋಡಿಕೊಂಡೇ, "ಮನಸ್ಸಿದೆಯೇನಮ್ಮ? ನಿಂಗೆ? ನಿಂಗೆ?" ಎಂದು ಕೇಳಿದ. ಇಬ್ಬರೂ ಮತ್ತೆ ಹೂಂ ಎಂದರು. ಆಮೇಲೆ ಒತ್ತಿದ.

ಹುಡುಗಿಯರು ಕಚೇರಿಗೆ ಹೊರಟರು. ಸ್ಕೂಟರ್ ತಿರುವು ದಾಟುವ ತನಕ ನೋಡಿ ಬೋಂಗ್ಯೋ ಚಪ್ಪರಕ್ಕೆ ಬಂದು ಕೂತಳು. ಮೊಹರು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಹೋಕ್ಲಾಯ್ ಹಿಂದೆಯೇ ಬಂದ. ಡಬ್ಬಿಗೆ ಹಾಕಲು ಕೇಳುತ್ತಾನೆಂದು ಅವಳು ಕೈ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಅದು ನಿನ್ನ ಹತ್ರಾನೇ ಇರ್ಲಿ," ಎಂದ. ಕಾಲಿನಿಂದ ಕಾಲಿಗೆ ಭಾರ ಬದಲಾಯಿಸುತ್ತ ನಿಂತ. ಎಂಬತ್ತೊಂದು ವರ್ಷದ ಮುದುಕ ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದ. "ಅವತ್ತು... ಅಪ್ಪ ನಿ‍ನ್ನ ಕೇಳಿದ್ದಿದ್ರೆ, ನೀನು ಏನಂತಿದ್ದೆ?"

ಬೋಂಗ್ಯೋ ಈ ಪ್ರಶ್ನೆಗೆ ಎಷ್ಟು ಉತ್ತರಗಳನ್ನು ಕೂಡಿಟ್ಟಿದ್ದಳೋ. ಕೋಪದ್ದು, ಕೊಂಕಿನದು, ಅಳುವಿನದು. ಅವು ಯಾವುವೂ ಆ ಹೊತ್ತಿಗೆ ನೆನಪಾಗಲಿಲ್ಲ.

"ಬೇಡ ಅಂತಿದ್ದೆ ಅಣ್ಣಾ," ಎಂದಳು.

ಆ ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರಿಗೂ ಅದು ಕೇಳಿಸಿತು. ಹೋಕ್ಲಾಯ್ ಮುಖ ಮುಚ್ಚಿಕೊಂಡು ಆಚೆ ತಿರುಗಿದ. ಅವನ ಬೆನ್ನು ಅಲುಗುವುದನ್ನು ಅವಳು ನೋಡಿದಳು. ಆ ಬೆನ್ನು ಅಳುವುದು ಹೇಗಿರುತ್ತದೆಂದು ಒಂಬತ್ತು ವರ್ಷದವಳಾಗಿದ್ದಾಗಲೇ ಅವಳಿಗೆ ಗೊತ್ತಿತ್ತು. ಅವಳ ಕಣ್ಣಿನಿಂದಲೂ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನಾನೂ ಹಾಗೇ ಅಂತಿದ್ದೆ," ಎಂದ ಅವನು. "ಅನ್ಬೇಕಿತ್ತು. ಕೋಲಿಗೆ ಹೆದರ್ಬಿಟ್ಟೆ. ನಿನ್ನ ಮುಖ ನೋಡ್ದಾಗೆಲ್ಲ ಅದೇ ನೆನಪಾಗೋದು."

"ನನಗೆ ಕೋಲು ನೆನಪಿಲ್ಲ. ನೀನು ಬೈಯೋದು ನಿಲ್ಸಿದ್ದು ನೆನಪಿದೆ."

ಬೋಂಗ್ಯೋ ಮೊಹರನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಹೋಕ್ಲಾಯ್ ಮೂಲೆಯಲ್ಲಿದ್ದ ಕಿಮ್ಹೋಳ ಮಣೆಯನ್ನು ಎಳೆದು ಅವಳ ಎದುರಿಗೆ, ಮುಖಾಮುಖಿಯಾಗಿ ಹಾಕಿಕೊಂಡು ಕೂತ.

"ಈಗ ಕೇಳಿದ್ರೆ?" ಎಂದ.

"ಏನಂತ ಕೇಳ್ತೀಯ?"

"ಇನ್ನಿರೋಷ್ಟು ದಿನ ನಂಜೊತೆ ಇರಕ್ಕೆ ಮನಸ್ಸಿದೆಯಾ ಅಂತ."

ಬೋಂಗ್ಯೋ ತಲೆ ತಗ್ಗಿಸಿದಳು. ಹದಿನೇಳರಲ್ಲಿ ಲೆಕ್ಕ ಹಾಕಿಟ್ಟಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಯೋಚ್ನೆ ಮಾಡಿ ಹೇಳ್ತೀನಿ," ಎಂದಳು. "ನಾನು ಅರವತ್ತೊಂದು ವರ್ಷ ಕಾದೆ. ಸ್ವಲ್ಪ ನೀನೂ ಕಾಯಿ. ಅಷ್ಟರಲ್ಲಿ ಈ ಬುಟ್ಟಿ ಖಾಲಿ ಮಾಡು." ಹೋಕ್ಲಾಯ್ ಚೂರಿ ಎತ್ತಿಕೊಂಡ. "ಚೂರಿ ಹಾಗಲ್ಲ ಹಿಡಿಯೋದು, ಕೈ ಕುಯ್ಕೊಳ್ತೀಯ."

"ನಂಗೇ ಹೇಳ್ಕೊಡ್ತೀಯಾ? ನಿಂಗೆ ಕಲಿಸ್ದೋನು ನಾನು! ಕಣ್ಣೇನು ಬೆನ್ನಿಗೆ ಇಟ್ಕೊಂಡಿದ್ದೀಯಾ?" ಎಂದು ಹೋಕ್ಲಾಯ್ ಬೈದ.

ಬೋಂಗ್ಯೋ ಇನ್ನೊಂದು ಚಿಪ್ಪು ಎತ್ತಿಕೊಂಡಳು. ಅವನು ಇನ್ನೊಂದಿಷ್ಟು ಬೈಯಲಿ ಎಂದು ಕಾಯುತ್ತ ಕೂತಳು.